ಕಪ್ಪು ಗೌನಿನ ಮೇಲಿನ ಕೋಟು

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ನೊರೆಯಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಯಾರು ಹಾಗೆ ಕರೆದರೋ ಅವಳಿಗೇ ನೆನಪಿಲ್ಲ. ಮೊಣಕೈವರೆಗೆ ನೊರೆ ಮೆತ್ತಿಕೊಂಡು ನಿಂತವಳಿಗೆ ಇನ್ನೊಂದು ಹೆಸರು ಯಾಕೆ ಎಂದು ಅವಳೂ ಸುಮ್ಮನಾಗಿದ್ದಳು. ಮೇಲಿನ ಮಹಡಿಗಳಿಂದ ಬಂದು ಬೀಳುವ ಚಾದರ, ಟವೆಲು, ಮೇಜಿನ ಬಟ್ಟೆಗಳನ್ನು ಬೇರ್ಪಡಿಸುವುದು ಅವಳ ಕೆಲಸ. ಬಿಳಿ ಒಂದು ಕಡೆ, ಬಣ್ಣ ಒಂದು ಕಡೆ, ಕಪ್ಪು ಯಾವತ್ತೂ ದೂರ. ಹೊಸದಾಗಿ ಸೇರಿದವರಿಗೆ ಅವಳು ಕಲಿಸುತ್ತಿದ್ದ ಮೊದಲ ಪಾಠವೂ ಅದೇ. "ಕಪ್ಪು ಬಿಳಿ ಹತ್ರ ಸುಳೀಬಾರದು ಕಣ್ರೇ. ಒಂದು ಕಾಲುಚೀಲ ಸಾಕು, ಗಾಡಿಗಟ್ಟಲೆ ಚಾದರ ಬೂದಿ ಬಣ್ಣ ಆಗೋಕೆ."

ಮನೆಗೆ ಬಂದರೆ ಅಲ್ಲೂ ಒಂದು ಲಾಂಡ್ರಿ. ಅದಕ್ಕೆ ವಾರದ ರಜೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಗಂಡ ಬಸ್ಸಿನ ಡ್ರೈವರು. ಬೆವರಿದ ಅಂಗಿಯನ್ನು ಅವಳತ್ತ ಎಸೆಯುತ್ತ, "ನಿಂಗೇನು, ಕೈ ಪಳಗಿದ ಕೆಲಸ" ಎನ್ನುತ್ತಿದ್ದ.

"ಹೌದೌದು. ದಿನವಿಡೀ ಬಸ್ ಓಡಿಸಿ ನಿಮ್ಮ ಕೈಯೂ ಪಳಗಿದೆಯಲ್ಲ, ಸಂಜೆ ನನ್ನನ್ನೂ ಒಂದು ಸುತ್ತು ಕೂರಿಸ್ಕೊಂಡು ಬನ್ನಿ ನೋಡೋಣ" ಎಂದು ಅವಳು ಒಮ್ಮೆ ಕೇಳಿದ್ದಳು. ಅವನು ನಕ್ಕಿದ್ದ. ಒಳಗೆ ಮಂಚದ ಮೇಲಿದ್ದ ಅತ್ತೆಯೂ ನಕ್ಕಿದ್ದರು. ಅಂಗಿ ಮಾತ್ರ ಬಕೆಟ್ಟಿಗೇ ಹೋಯಿತು.

ಅವಳು ಉಡುತ್ತಿದ್ದುದು ಹೋಟೆಲು ಕೊಟ್ಟ ಮಾಸಲು ಹಸಿರು ಸಮವಸ್ತ್ರ. ಮನೆಯಲ್ಲಿ ನಾದಿನಿ ಉಟ್ಟು ಬೇಜಾರಾಗಿ ಕಳಿಸಿದ ಬಟ್ಟೆಗಳು. ಊರವರ ಬಟ್ಟೆಯನ್ನೆಲ್ಲ ತಿರುವಿ ಹಾಕಿದ ಕೈ ತನಗೆಂದು ಒಂದು ಬಣ್ಣವನ್ನೂ ಆರಿಸಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ, ಟವೆಲಿನ ಗಾಡಿ ತಳ್ಳಿಕೊಂಡು ಲಿಫ್ಟಿಗೆ ಹತ್ತಿದಾಗ ಅಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತಲೆಯೆಲ್ಲ ನರೆತಿತ್ತು. ಕತ್ತಿನವರೆಗೆ ಕಪ್ಪು ಲೇಸು, ನೆಲ ಗುಡಿಸುವ ಕಪ್ಪು ಗೌನು, ಕೈಗೆ ಬಲೆಯಂಥ ಕಪ್ಪು ಗವಸು. ಯಾರ ಸಾವಿಗೂ ಹೊರಟವಳಂತೆ ಕಾಣಲಿಲ್ಲ. ತನ್ನ ಮೈಗೆ ತಾನೇ ಒಡತಿ ಎಂಬಂತೆ ನಿಂತಿದ್ದಳು. ಲಿಫ್ಟು ನಿಂತಿತು, ಅವಳು ಇಳಿದು ಹೋದಳು. ನೊರೆಯಕ್ಕ ತನ್ನ ಮಹಡಿ ಬಂದು ಹೋದದ್ದನ್ನೂ ನೋಡಲಿಲ್ಲ.

ಅದಾದ ಮೇಲೆ, ಹರಿದು ಕಸಕ್ಕೆ ಹೊರಟಿದ್ದ ಲೇಸಿನ ಪರದೆಗಳನ್ನು ಮೇಲ್ವಿಚಾರಕನನ್ನು ಕೇಳಿಯೇ ಮನೆಗೆ ತಂದಳು. ಗಂಡ ಕೆಲಸಕ್ಕೆ ಹೋದಾಗ ಹಳೆಯ ಪಾತ್ರೆಯಲ್ಲಿ ಕಪ್ಪು ಬಣ್ಣ ಕುದಿಸಿದಳು, ಬಣ್ಣ ಹಿಡಿಯಲೆಂದು ಉಪ್ಪು ಸುರಿದಳು, ನೀರು ಬದಲಿಸಿ ಬದಲಿಸಿ ಅದ್ದಿದಳು. ಅತ್ತೆ ಮಲಗಿದ್ದಾಗ ಹೊಲಿದಳು. ಹೊಲಿಗೆ ಯಂತ್ರದ ಸದ್ದಿಗೆ ಎಚ್ಚರವಾಗಿ ಅವರು "ಏನೇ ಅದು?" ಎಂದರೆ, "ಪರದೆ ಅತ್ತೆ" ಎನ್ನುತ್ತಿದ್ದಳು. ಸುಳ್ಳೇನೂ ಆಗಿರಲಿಲ್ಲ.

ಕೂಟದ ಸುದ್ದಿ ತಂದವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹುಡುಗಿ; ಗೌನಿನ ಗುಟ್ಟು ಗೊತ್ತಿದ್ದುದು ಅವಳೊಬ್ಬಳಿಗೇ. ಫೋನು ಹಿಡಿದು ತೋರಿಸಿದಳು. "ಇಂಥ ಬಟ್ಟೆ ಹಾಕೋರೆಲ್ಲ ಭಾನುವಾರ ಸೇರ್ತಾರಂತೆ ಅಕ್ಕಾ. ಒಬ್ರೇ ಬಂದ್ರೂ ಪರವಾಗಿಲ್ಲ ಅಂತ ಬರೆದಿದ್ದಾರೆ."

"ಒಬ್ಳೇ ಎಲ್ಲಿಗೆ ಹೋಗಿದ್ದೀನೇ ನಾನು, ಹಲ್ಲಿನ ಡಾಕ್ಟ್ರ ಹತ್ರ ಬಿಟ್ಟು?"

"ಅಲ್ಲಿ ಹಲ್ಲು ಕಿತ್ರು. ಇಲ್ಲಿ ಯಾರೂ ಏನೂ ಕೀಳಲ್ಲ, ಹೋಗಿ."

ಭಾನುವಾರ ಹೆಚ್ಚುವರಿ ಪಾಳಿ ಇದೆಯೆಂದು ಮನೆಯಲ್ಲಿ ಹೇಳಿದಳು. ಗೌನಿನ ಅಂಚನ್ನು ಮೇಲಕ್ಕೆ ಮಡಚಿ ಪಿನ್ನು ಚುಚ್ಚಿ, ಮೇಲೆ ಕಂದು ಬಣ್ಣದ ಉದ್ದ ಕೋಟು ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿಕೊಂಡು ಹೊರಟಳು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಅಲ್ಲಿ ಹೋಗಿ ಕೋಟು ತೆಗೆಯಬೇಕು. ಬೇರೇನೂ ಮಾಡಬೇಕಾಗಿರಲಿಲ್ಲ.

ಹಳೆಯ ಪುಸ್ತಕದಂಗಡಿಯ ಮೇಲಿನ ಕೋಣೆ ಅದು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಕಪ್ಪು ತುಟಿಯವರು, ಮಂಡಿಯವರೆಗಿನ ಬೂಟಿನವರು, ಮಖಮಲ್ಲಿನ ಕೋಟು ತೊಟ್ಟು ಬೆತ್ತ ಹಿಡಿದ ಗಂಡಸು, ಕೆನೆ ಮೆತ್ತಿದ ಕೇಕಿನ ಹಾಗೆ ಬಿಳಿ ಝಾಲರಿಯ ಫ್ರಾಕು ತೊಟ್ಟ ಹುಡುಗಿ. ಎತ್ತರದ ಟೋಪಿಯ ಹೆಂಗಸೊಬ್ಬಳು ನಗುತ್ತ ಬಂದಳು. ಕೂಟ ನಡೆಸುವವಳು ಅವಳೇ.

"ಬನ್ನಿ ಬನ್ನಿ. ಕೋಟು ಇಲ್ಲಿ ನೇತುಹಾಕಿ."

"ಸ್ವಲ್ಪ ಚಳಿ" ಎಂದಳು ನೊರೆಯಕ್ಕ. "ಆಮೇಲೆ."

ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಟೋಪಿಯವಳು ಒತ್ತಾಯಿಸದೆ ಒಂದು ಲೋಟ ಟೀ ಕೈಗಿಟ್ಟು ಹೋದಳು. ಗೋಡೆಗೊರಗಿ ನಿಂತು ನೊರೆಯಕ್ಕ ಮೇಲಿನ ಗುಂಡಿ ಬಿಚ್ಚಿದಳು. ಎರಡನೆಯದಕ್ಕೆ ಬೆರಳು ಹೋಗಿತ್ತು. ಅಷ್ಟರಲ್ಲಿ ಮಖಮಲ್ಲಿನವನು ಯಾರಿಗೋ ಏನನ್ನೋ ವಿವರಿಸುತ್ತ ಬೆತ್ತ ಬೀಸಿದ. ಅದು ಟೀ ಲೋಟಗಳಿದ್ದ ತಟ್ಟೆಗೆ ಬಡಿದು ಟೀಯೆಲ್ಲ ಹುಡುಗಿಯ ಬಿಳಿ ಫ್ರಾಕಿನ ಮೇಲೆ ಚೆಲ್ಲಿತು.

ಹುಡುಗಿ ಕರ್ಚೀಫು ತೆಗೆದು ಉಜ್ಜತೊಡಗಿದಳು. ನೊರೆಯಕ್ಕನ ಕಾಲುಗಳು ಅವಳನ್ನು ಕೇಳದೆಯೇ ನಡೆದವು.

"ಉಜ್ಜಬೇಡಮ್ಮ. ಉಜ್ಜಿದ್ರೆ ಒಳಗೇ ಕೂತ್ಕೊಳ್ಳುತ್ತೆ. ಬಾ ಈ ಕಡೆ."

ಹಿಂದೆ ಒಂದು ಪುಟ್ಟ ಅಡುಗೆಕೋಣೆ, ಅಲ್ಲೊಂದು ಸಿಂಕು. ಬಟ್ಟೆಯನ್ನು ಒಳಮೈಯಿಂದ ಹಿಡಿದು ತಣ್ಣೀರು ಬಿಟ್ಟಳು. ಹುಡುಗಿ ಮೂಗೆಳೆಯುತ್ತ ಹೇಳಿದಳು: "ನಾನೇ ಹೊಲಿದಿದ್ದು ಆಂಟಿ." ನಂತರ ಕಣ್ಣೊರೆಸಿಕೊಂಡು, "ನಿಮ್ಮ ತೋಳು ಪೂರ್ತಿ ನೆನೀತಿದೆ. ಕೋಟು ಬಿಚ್ಚಿಡಿ, ನಾನು ಹಿಡ್ಕೋತೀನಿ" ಎಂದಳು.

ಇದಕ್ಕಿಂತ ಸುಲಭವಾದ ಗಳಿಗೆ ಯಾರಿಗೆ ಸಿಕ್ಕೀತು? ತಾನೇ ಹೊಲಿದದ್ದನ್ನು ತೊಟ್ಟವಳು ತಾನೇ ಹೊಲಿದದ್ದನ್ನು ತೊಟ್ಟವಳಿಗೆ ಕೈ ಚಾಚಿದ್ದಳು. ಆದರೆ ನೊರೆಯಕ್ಕನ ಒದ್ದೆ ಕೈಯಲ್ಲಿ ಬಿಳಿ ಬಟ್ಟೆಯಿತ್ತು, ಕೋಟಿನೊಳಗೆ ಹೊಸದಾಗಿ ಬಣ್ಣ ಹಾಕಿದ ಕಪ್ಪು. ಲೇಸಿನ ತೋಳು ನೆನೆದು ಒಂದು ಹನಿ ತೊಟ್ಟಿಕ್ಕಿದರೂ ಹುಡುಗಿಯ ಫ್ರಾಕು ಹಾಳು. ಅವಳು ಯೋಚಿಸಲೇ ಇಲ್ಲ. ಬಿಚ್ಚಿದ್ದ ಮೇಲಿನ ಗುಂಡಿಯನ್ನೂ ಮತ್ತೆ ಹಾಕಿಕೊಂಡಳು.

"ಬೇಡ. ನಂಗೆ ಅಭ್ಯಾಸ" ಎಂದಳು.

ಕಲೆ ಹೋಯಿತು. ಹುಡುಗಿ ಹೊರಗೆ ಹೋಗಿ ಎಲ್ಲರಿಗೂ ತೋರಿಸಿರಬೇಕು. ಗವಸಿಗೆ ತುಟಿಬಣ್ಣ ಹತ್ತಿದವಳು ಬಂದಳು. ಕಾಲರಿಗೆ ಮೇಣ ಸುರಿದುಕೊಂಡವನು ಬಂದ. ಎಲ್ಲರೂ "ತೊಂದರೆ ಆಗುತ್ತೇನೋ" ಎಂದು ಕೇಳಿಯೇ ಕೊಟ್ಟರು. ಅವಳು ಇಲ್ಲವೆಂದೇ ಇಸಿದುಕೊಂಡಳು. ಅವರಲ್ಲೊಬ್ಬಳು, "ಆಂಟಿ, ನೀವು ಇಲ್ಲೇ ಕೆಲಸ ಮಾಡ್ತೀರಾ?" ಎಂದಳು.

"ಹೂಂ" ಎಂದುಬಿಟ್ಟಳು ನೊರೆಯಕ್ಕ.

ಆ ಒಂದು ಹೂಂ ಮುಂದೆ ಅವಳ ಗಂಟಲಲ್ಲಿ ಎಷ್ಟು ದಿನ ಮುಳ್ಳಾಗಿ ಕೂತಿತೋ. ಯಾರೂ ಅವಳನ್ನು ಹೊರಗೆ ನಿಲ್ಲಿಸಿರಲಿಲ್ಲ. ಕೋಣೆಯ ನಡುವೆ ನಿಲ್ಲುವುದಕ್ಕಿಂತ ಸಿಂಕಿನ ಮುಂದೆ ನಿಲ್ಲುವುದು ಅವಳಿಗೆ ಬರುತ್ತಿತ್ತು, ಬರುವುದನ್ನೇ ಮಾಡಿದ್ದಳು. ಹೊರಗೆ ಅವರೆಲ್ಲ ಸುತ್ತ ಕೂತು, ಇಂಥ ಬಟ್ಟೆ ತೊಡಲು ಶುರು ಮಾಡಿದ್ದು ಹೇಗೆಂದು ಒಬ್ಬೊಬ್ಬರೇ ಹೇಳುತ್ತಿದ್ದರು. ನಲ್ಲಿ ನಿಲ್ಲಿಸಿದಾಗಲೆಲ್ಲ ಮಾತು ಕೇಳಿಸುತ್ತಿತ್ತು. ಲಿಫ್ಟಿನ ಕಥೆಯನ್ನು ಅವಳು ನಾಲಿಗೆಯ ತುದಿಯಲ್ಲಿ ಜೋಡಿಸಿಟ್ಟುಕೊಂಡಳು. ಆದರೆ ಇನ್ನೊಂದು ಗವಸು ಬಾಕಿ ಇತ್ತು.

ಕೊನೆಗೆ ಕೈ ಒರೆಸಿಕೊಂಡು ಬಂದಾಗ ಕುರ್ಚಿ ಮಡಚುತ್ತಿದ್ದರು. ಬಿಳಿ ಫ್ರಾಕಿನವಳು ಓಡಿಬಂದು ಅವಳ ಕೈ ಹಿಡಿದಳು. "ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ. ಮುಂದಿನ ಸಲಾನೂ ಬನ್ನಿ ಆಂಟಿ."

ಕರೆದದ್ದು ತನ್ನನ್ನೋ ತನ್ನ ಕೈಯನ್ನೋ ಎಂದು ಅವಳಿಗೆ ತಿಳಿಯಲಿಲ್ಲ. ಕೇಳುವ ಹಕ್ಕನ್ನೂ ಆ ಹೂಂ ಕಸಿದುಕೊಂಡಿತ್ತು.

ಮನೆಯಲ್ಲಿ ಗಂಡ ಟೀವಿಯಿಂದ ಕಣ್ಣು ತೆಗೆಯದೆ, "ಬಂದ್ಯಾ? ಟೀ ಇಡು" ಎಂದ. ಅತ್ತೆಯ ದಿಂಬು ಸರಿಮಾಡಲು ಬಗ್ಗಿದಾಗ, ಪಿನ್ನು ಕಳಚಿ ಇಳಿದಿದ್ದ ಗೌನಿನ ಅಂಚು ಅವರ ಕೈಗೆ ಸಿಕ್ಕಿತು. ಕಣ್ಣು ಮಂಜಾದ ಮೇಲೆ ಅವರು ನೋಡುತ್ತಿದ್ದುದು ಬೆರಳಲ್ಲೇ.

"ಇದೇನೇ ಆ ಪರದೆ?"

"ಹೂಂ ಅತ್ತೆ."

"ಕಿಟಕಿಗೆ ಅಂದ್ಕೊಂಡಿದ್ದೆ." ಲೇಸನ್ನು ನಿಧಾನವಾಗಿ ಸವರಿದರು. "ಹೊಲಿಗೆ ಸಣ್ಣಗಿದೆ. ಯಾರು ಯಾರು ನೋಡಿದ್ರು?"

"ಯಾರೂ ಇಲ್ಲ."

"ಅಯ್ಯೋ ಮಂಕೇ" ಎಂದು ಅತ್ತೆ ಅಂಚನ್ನು ಕೈಬಿಟ್ಟರು.

ಟೀ ಕೊಟ್ಟು, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಬೆವರಿಗೂ ನಲ್ಲಿನೀರಿಗೂ ನೆನೆದಿದ್ದ ಗೌನನ್ನು ಬಿಚ್ಚಿ ಬೇರೆಯದೇ ಬಕೆಟ್ಟಿನಲ್ಲಿ ಮುಳುಗಿಸಿದಳು. ನೀರು ಕಪ್ಪಾಗಲೆಂದು ಕಾದಳು. ಆಗಲಿಲ್ಲ. ತಿಕ್ಕಿದಳು, ಹಿಂಡಿದಳು; ಬಕೆಟ್ಟಿನ ತಳ ಹಾಗೇ ಕಾಣುತ್ತಿತ್ತು. ಮೂಲೆಯಲ್ಲಿದ್ದ ಗಂಡನ ಬಿಳಿ ಬನಿಯನ್ನನ್ನು ಅದರ ಜೊತೆಗೇ ಹಾಕಿ, ಎರಡನ್ನೂ ಸೇರಿಸಿ ಕುಕ್ಕಿದಳು. ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಬನಿಯನ್ನನ್ನು ಎತ್ತಿ ದೀಪಕ್ಕೆ ಹಿಡಿದಳು. ಬೆಳ್ಳಗೇ ಇತ್ತು.