ಕಾದ ಎಣ್ಣಿ, ಕಂಪನಿ ಶಿಕ್ಷಣ

ಗಿಣಿಗೇರಾದ ಫ್ಯಾಕ್ಟರಿ ಕ್ಯಾಂಟೀನಿನ್ಯಾಗ ನಾನು ಅಡಗಿಯಾಕಿ. ಕಾರ್ಮಿಕರನ್ನ ಕಂಪನಿ ಖರ್ಚಿನ್ಯಾಗ ಓದಸ್ತೀವಿ ಅಂತ ಮ್ಯಾನೇಜರ್ ಸಾಹೇಬ ಅಂದಾಗ, ಎಸ್ಸೆಸ್ಸೆಲ್ಸಿ ಕಟ್ತೀನ್ರಿ ಅಂತ ಹೆಸರು ಕೊಟ್ಟಿದ್ದೆ. ದೀಪಾವಳಿ ಮುಂದ ಕರಚಿಕಾಯಿ ಕರಿಯಾಕ ಎಣ್ಣಿ ಇಟ್ಟಿದ್ದೆ, ಸಾಹೇಬ ಬಂದ.

"ಮೀಟಿಂಗ್ ಹಾಲ್‌ಗೆ ನಡೀರಿ, ನಿಮ್ಮ ಶಿಕ್ಷಣ ಶುರುವಾತು."

"ಒಲಿ ಮ್ಯಾಲ ಎಣ್ಣಿ ಐತ್ರೀ."

"ಆರಿಸಬ್ಯಾಡ, ಐದು ನಿಮಿಷದ ಕೆಲಸ. ಫೋಟೋಕ್ಕ ಎಲ್ಲಾರೂ ಬೇಕು."

ಹಾರ, ಶಾಲು, ಸ್ವಾಗತದಾಗ ಅರ್ಧ ತಾಸು ಹೋತು. ಆಮ್ಯಾಲ ಟೈ ಕಟ್ಟಿದ ಮಹಾಶಯ ಮೈಕ್ ಹಿಡಿದು ಹಬ್ಬದ ಅಡಗಿಮನಿ ಸುರಕ್ಷತೆ ಹೇಳಾಕ ಹತ್ತಿದ: "ಕಾಯುವ ಎಣ್ಣೆಯನ್ನು ಒಲೆಯ ಮೇಲೆ ಬಿಟ್ಟು ಎಲ್ಲಿಗೂ ಹೋಗಬಾರದು!"

ಅಷ್ಟರಾಗ ಸುಟ್ಟ ವಾಸನಿ ಬಂತು. ನಾನು ಎದ್ದು ಓಡಿದೆ.

"ಪಾಠ ಮುಗಿಯೂತನಕ ಕುಂದರಬೇಕು!" ಅಂತ ಸಾಹೇಬ ಒದರಿದ.

ಬಾಣಲಿಗೆ ಬೆಂಕಿ ಹತ್ತಿತ್ತು. ಗ್ಯಾಸ್ ಬಂದ್ ಮಾಡಿ, ಮುಚ್ಚಳ ಮುಚ್ಚಿ ಆರಿಸಿದೆ.

ಮರುದಿನ ಎಲ್ಲಾರಿಗೂ ಸರ್ಟಿಫಿಕೇಟ್ ಕೊಟ್ರು. ನನಗಷ್ಟ ಇಲ್ಲ. ಪಾಠ ಪೂರಾ ಕೇಳಲಿಲ್ಲಂತ!