ಮೇಸ್ತ್ರಿಯ ಬೆರಳಿಗೆ ಬೂದಿ

ಮ್ಯಾನೇಜರರ ಬಿಳಿ ಟೋಪಿ ನೇಯ್ಗೆ ಶೆಡ್ಡಿನ ಬಾಗಿಲಲ್ಲಿ ಕಂಡರೆ ಸಾಕು, ನಮ್ಮ ಮೇಸ್ತ್ರಿ ಎಲ್ಲಿದ್ದರೂ ಓಡಿಬಂದು ಅಕ್ಕನ ಪಕ್ಕದ ಬೂದಿ ತಟ್ಟೆಗೆ ಎರಡೂ ಕೈಯ ಬೆರಳು ಅದ್ದುತ್ತಿದ್ದ. ಆಮೇಲೆ ಮಗ್ಗದ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡು ಎಳೆ ಹಿಡಿದು, ಲೋಕದ ಭಾರವೆಲ್ಲ ಆ ಎರಡೆಳೆಯ ಮೇಲೇ ಇದೆಯೇನೋ ಎಂಬಂತೆ ಹುಬ್ಬು ಗಂಟಿಕ್ಕುತ್ತಿದ್ದ. ಮ್ಯಾನೇಜರರು ಅವನ ಕೈ ನೋಡಿ, "ಗುಡ್, ಗುಡ್" ಎಂದು ಮುಂದೆ ಹೋಗುವರು. ಟೋಪಿ ಮರೆಯಾದದ್ದೇ ಇವನು ಎದ್ದು ನನ್ನ ಹೆಗಲ ಮೇಲಿನ ಟವಲಿಗೆ ಬೆರಳು ಒರೆಸಿ, ಎಲೆಯಡಿಕೆ ಹಾಕಿಕೊಳ್ಳಲು ಹೋಗುತ್ತಿದ್ದ. ಎಳೆ ಸೇರಿಸುವುದು ಅವನಿಗೆ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು. ಹುಟ್ಟಿದ್ದು ನೇಯುವವರ ಮನೆಯಲ್ಲಿ. ಮಾಡಲು ಮನಸ್ಸಿರಲಿಲ್ಲ, ಅಷ್ಟೆ.

ನೀಲಗಿರಿಯ ಪೈಕಾರದಿಂದ ಕರೆಂಟು ಬಂದ ಹೊಸತು ಅದು. ಸೂಲೂರಿನಿಂದ ಕೊಯಮತ್ತೂರಿಗೆ ಹೋಗುವ ದಾರಿಯಲ್ಲಿ ಮಿಲ್ಲುಗಳು ಒಂದರ ಹಿಂದೊಂದು ಎದ್ದವು. ನಮ್ಮ ಮನೆಯ ಮಗ್ಗಕ್ಕೆ ನೂಲು ಕೊಡುತ್ತಿದ್ದ ಸಾಹುಕಾರ, "ಮಿಲ್ ಬಟ್ಟೆ ಮುಂದೆ ನಿಮ್ಮ ಸೀರೆ ಯಾರಿಗೆ ಬೇಕು?" ಎಂದು ಕೈಬಿಟ್ಟ ಮೇಲೆ, ಗುಂಡಿಯಲ್ಲಿದ್ದ ಮಗ್ಗದ ಮೇಲೆ ಗೋಣಿತಾಟು ಹೊದಿಸಿ, ಅಕ್ಕ, ಚಿಕ್ಕವ್ವ, ನಾನು ಮೂವರೂ ಮಿಲ್ಲಿನಲ್ಲಿ ಹಾಸು ಸೇರಿಸುವ ಗುತ್ತಿಗೆ ಹಿಡಿದೆವು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಮುಗಿಯುತ್ತ ಬಂದಾಗ, ಅದರ ತುದಿಗೆ ಹೊಸ ಹಾಸಿನ ತುದಿಯನ್ನು ಎಳೆಗೆ ಎಳೆ ಹೊಸೆದು ಸೇರಿಸಬೇಕು. ಬೆರಳು ಜಾರದಿರಲಿ ಎಂದು ಬೂದಿ. ಕೂಲಿ ಕಡಿಮೆ ಎಂಬುದಕ್ಕಿಂತ ದೊಡ್ಡ ಕಷ್ಟವೆಂದರೆ ನಾವು ಮಿಲ್ಲಿನ ಆಳುಗಳಾಗಿರಲಿಲ್ಲ. ಗೇಟಿನವನಿಗೆ ನಮ್ಮ ಮುಖ ಬೇಕಿರಲಿಲ್ಲ, ಮೇಸ್ತ್ರಿಯ ತಲೆಯಾಡಿಕೆ ಬೇಕಿತ್ತು. ಅವನು ತಲೆಯಾಡಿಸಿದರೆ ಒಳಗೆ, ಆಡಿಸದಿದ್ದರೆ ಗೇಟಿನಾಚೆಯ ಹುಣಸೆಮರದಡಿ.

ಅವನ ವೇಷವನ್ನು ಹೇಳಲೇಬೇಕು. ಚಿತ್ತಿರೈ ತಿಂಗಳ ಸುಡುಬಿಸಿಲಲ್ಲೂ ಪಂಚೆಯ ಮೇಲೆ ಕರಿ ಕೋಟು. ಕೋಟಿನ ಜೇಬಿನಿಂದ ಗಡಿಯಾರದ ಸರಪಳಿ ಇಳಿಬಿದ್ದಿರುತ್ತಿತ್ತು. ಅದರ ತುದಿಯಲ್ಲಿ ಗಡಿಯಾರವಿತ್ತೋ ಇಲ್ಲವೋ, ಕಂಡವರಿಲ್ಲ. ಅವನ ಅವ್ವನೂ ನಮ್ಮ ಅವ್ವನೂ ಒಂದೇ ಬಾವಿಯಲ್ಲಿ ನೀರು ಸೇದಿದವರು, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡದವರು. ಇವನು ಮಾತ್ರ ಕೋಟು ಹಾಕಿದ ದಿನವೇ ಕನ್ನಡವನ್ನು ಕಳಚಿಟ್ಟು ತಮಿಳು ತೊಟ್ಟಿದ್ದ. ಅಕ್ಕ ಮೊದಲ ದಿನ ಬಾಯ್ತುಂಬ, "ಏನಣ್ಣಾ, ಚೆನ್ನಾಗಿದ್ದೀರಾ?" ಎಂದಳು.

"ಇಂಗೆ ಅಣ್ಣನ್ ಗಿಣ್ಣನ್ ಕಿಡೆಯಾದು. ಮೇಸ್ತಿರಿ," ಎಂದ. ಇಲ್ಲಿ ಅಣ್ಣ ಗಿಣ್ಣ ಇಲ್ಲ, ಮೇಸ್ತ್ರಿ ಅನ್ನಬೇಕು.

"ಸರಿ ಮೇಸ್ತಿರಿ ಅಣ್ಣಾ," ಎಂದಳು ಅಕ್ಕ. ಅಂದಿನಿಂದ ಅವನಿಗೆ ನಮ್ಮ ಮೇಲೆ ಹಗೆ.

ನಾನು ಅವನನ್ನು ಒಲಿಸಿಕೊಳ್ಳಲು ನೋಡಿದೆ. ಕೋಟನ್ನು ಹೊಗಳಿದೆ. ಅವನ ನಗೆಹನಿಗೆ ನಕ್ಕೆ. ನಗೆ ಎಲ್ಲಿದೆಯೆಂದು ತಿಳಿಯದಿದ್ದಾಗ ಅವನ ಹಲ್ಲು ಕಂಡ ಕಡೆ ನಕ್ಕೆ. ಹೊಗಳಿದ ದಿನ ಬೆಳಕಿರುವ ಮಗ್ಗ ಕೊಡುತ್ತಿದ್ದ, ಮರೆತ ದಿನ ಗೋಡೆಮೂಲೆಯ ಕತ್ತಲ ಮಗ್ಗ. ಅಕ್ಕ ಮನೆಗೆ ನಡೆಯುವಾಗ, "ಲೋ, ಇವತ್ತು ಆ ಕೋಟಿನ ಗುಂಡಿ ಹೊಗಳೋದು ಮರ್ತ್‌ಬುಟ್ಟೆ ಅಲ್ವಾ? ಅದ್ಕೇ ನನ್ ಕಣ್ಣು ಉರೀತೈತೆ," ಎಂದು ಚುಚ್ಚುವಳು. ಚಿಕ್ಕವ್ವ ಸೆರಗಲ್ಲಿ ಬಾಯಿ ಮುಚ್ಚಿ ನಗುವಳು.

ಹೀಗೇ ದಿನ ಸಾಗುತ್ತಿದ್ದಾಗ ಬಂತು ಆ ಅಮಾವಾಸ್ಯೆ.

ಅಮಾವಾಸ್ಯೆಯಲ್ಲಿ ನಮ್ಮವರು ನೂಲು ಮುಟ್ಟುವುದಿಲ್ಲ, ಮಗ್ಗದ ಗುಂಡಿಗೆ ಕಾಲಿಡುವುದಿಲ್ಲ. ತಲೆಗೆ ನೀರು ಹಾಕಿಕೊಂಡು ಹಿರಿಯರಿಗೆ ಎಡೆಯಿಟ್ಟು ಉಣ್ಣುವ ದಿನ. ಅದುವರೆಗೆ ಆ ದಿನ ನಮ್ಮನ್ನು ಯಾರೂ ಕರೆದಿರಲಿಲ್ಲ. ಆ ಸಲ ತಿರುಪ್ಪೂರಿನ ಒಬ್ಬ ವ್ಯಾಪಾರಿ ಹೊಸ ಗೀರುಬಟ್ಟೆ ನೋಡಲು ಬರುವವನಿದ್ದ. ಯಾವಾಗ ಮಗ್ಗಕ್ಕೇರುತ್ತದೆ ಎಂದು ಮ್ಯಾನೇಜರರು ಕೇಳಿದ್ದಷ್ಟೆ. ಅವಸರವೆಂದು ಅವರು ಹೇಳಿರಲಿಲ್ಲ. ಇವನೇ ಎದೆಯುಬ್ಬಿಸಿ, ನಾಡಿದ್ದೇ ಏರಿಸುತ್ತೇನೆ ಎಂದುಬಿಟ್ಟ. ನಾಡಿದ್ದು ಅಮಾವಾಸ್ಯೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನ ಮನೆಯಲ್ಲೂ ಎಡೆಯಿಡುತ್ತಿದ್ದರು.

ನಮ್ಮ ಹತ್ತಿರ ಬಂದು, "ನಾಳಾನ್ನಿಕ್ಕು ವೇಲೆ ಇರುಕ್ಕು. ಎಲ್ಲಾರುಂ ವರಣುಂ," ಎಂದ. ನಾಡಿದ್ದು ಕೆಲಸವಿದೆ, ಎಲ್ಲರೂ ಬರಬೇಕು.

"ನಾಡಿದ್ದು ಅಮಾಸೆ ಅಲ್ವಾಣ್ಣಾ?" ಎಂದಳು ಅಕ್ಕ.

"ಮಿಷಿನುಕ್ಕು ಏದು ಅಮಾವಾಸೆ?"

"ಮಿಷಿನ್‌ಗಿಲ್ಲ. ನನ್‌ಗೈತೆ."

ಅವನು ಕಾಲಿನಿಂದ ಬೂದಿ ತಟ್ಟೆಯನ್ನು ಅವಳ ಕಡೆಗೆ ಸರಿಸಿದ. ಹಾಗಾದರೆ ಇದನ್ನು ಎತ್ತಿಕೊಂಡು ನಡೆ, ಸೋಮನೂರಿನಿಂದ ಬೇರೆ ಆಳು ತರಿಸುತ್ತೇನೆ, ಆಮೇಲೆ ಈ ಗೇಟಿನ ಕಡೆ ಮೂವರೂ ತಲೆಹಾಕಬೇಡಿ ಎಂದು ತಮಿಳಿನಲ್ಲಿ ಹೇಳಿ ಹೋದ.

ಕೆರೆಯ ಏರಿ ಹಿಡಿದು ಮನೆಗೆ ನಡೆದೆವು. ಅರ್ಧ ದಾರಿಯಲ್ಲಿ ಅಕ್ಕ, "ಹೋದ್ರೆ ಹೋಯ್ತು ಬುಡು. ಅಪ್ಪಂಗೆ ಎಡೆ ಇಡೋ ದಿನ ನೂಲು ಮುಟ್ಟಾಕಿಲ್ಲ ನಾನು," ಎಂದಳು. ಅವಳು ಬಾರದಿದ್ದರೆ ನಾವಿಬ್ಬರು ಹೋಗಿ ಪ್ರಯೋಜನವಿಲ್ಲ. ಅರ್ಧಕ್ಕಿಂತ ಹೆಚ್ಚು ಎಳೆ ಅವಳ ಕೈಯಲ್ಲೇ ಸಾಗುತ್ತಿತ್ತು. ಗುತ್ತಿಗೆ ಹೋದರೆ ಮನೆಯಲ್ಲಿ ಗೋಣಿತಾಟು ಹೊದ್ದ ಮಗ್ಗ ಬಿಟ್ಟರೆ ಬೇರೇನಿದೆ? ಚಿಕ್ಕವ್ವ ನನ್ನ ಮುಖ ನೋಡಿದಳು.

ಮಾರನೆಯ ಸಂಜೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಮೇಸ್ತ್ರಿಯ ಮನೆಗೆ ಹೋದೆ. ಅವನನ್ನು ನೋಡಲು ಅಲ್ಲ, ಅವನ ಅವ್ವನನ್ನು ನೋಡಲು. ಮುದುಕಿ ಜಗುಲಿಯಲ್ಲಿ ಕಾಲು ಚಾಚಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ದೂರು ಹೇಳಬಾರದು, ಸುಮ್ಮನೆ ವಿಚಾರಿಸಿದಂತಿರಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ.

"ದೊಡ್ಡವ್ವ, ಅಮಾಸೆ ನಾಳೆ ಎಷ್ಟೊತ್ತಿಗೆ ಕಳೀತೈತೆ?"

"ಯಾಕಪ್ಪಾ? ಪೂರ್ತಿ ದಿನ ಐತೆ."

"ಸಂಜೆ ಮೇಲಾದ್ರೂ ನೂಲು ಮುಟ್‌ಬೋದಾ ಅಂತ. ಮಿಲ್ಲಲ್ಲಿ ನಾಳೆ ಹಾಸು ಸೇರಿಸ್‌ಬೇಕಂತೆ."

ರಾಟೆ ನಿಂತಿತು. "ಯಾರಂದ್ರು?"

ನಾನು ಬಾಳೆಹಣ್ಣಿನ ಚಿಪ್ಪನ್ನು ನೋಡುತ್ತ ಕೂತೆ. ಅಷ್ಟರಲ್ಲಿ ಕೋಟು ಬೀದಿಯ ತಿರುವಿನಲ್ಲಿ ಕಂಡಿತು. ನನ್ನನ್ನು ಜಗುಲಿಯಲ್ಲಿ ನೋಡಿದ್ದೇ ಅವನ ನಡಿಗೆ ಸಣ್ಣದಾಯಿತು.

"ಬಾ ಕಣ್ಣು," ಎಂದಳು ಮುದುಕಿ. ನಮ್ಮನ್ನೆಲ್ಲ ಕಾಲತುದಿಯಲ್ಲಿ ಸರಿಸುವ ಮನುಷ್ಯ ಆ ಮನೆಯಲ್ಲಿ ಕಣ್ಣು! "ನಾಳೆ ಮಿಲ್ಲಲ್ಲಿ ನೂಲು ಮುಟ್‌ಬೇಕಂತಲ್ಲ? ನಿಮ್ಮಪ್ಪ ಇದ್ದ ಮನೆ ಇದು. ಅಮಾಸೆಲಿ ಮಗ್ಗದ ಹಗ್ಗಾನೂ ದಾಟ್‌ದೋನಲ್ಲ ಅವ್ನು. ಯಾವನು ಹೇಳಿದ್ದು, ಹೇಳು. ನಾಳೆ ನೂಲು ಮುಟ್ಟಿದ ಕೈಗೆ ನಾ ಅನ್ನ ಇಕ್ಕಾಕಿಲ್ಲ. ಮಿಲ್ ಗೇಟಲ್ಲಿ ಓಟಲ್ ಐತಲ್ಲ, ಅಲ್ಲೇ ಉಣ್ಣು!"

ಮೇಸ್ತ್ರಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಕೋಟಿಲ್ಲದೆ ಆ ಮನುಷ್ಯ ಅರ್ಧ ಆಗಿಬಿಟ್ಟ. ಬಾಯಿ ತೆರೆದರೆ, ಅದೇನು ಚೆಂದದ ಕನ್ನಡ!

"ಅಯ್ಯೋ ಅವ್ವಾ, ನಾ ಹೇಳ್ತೀನಾ? ಇವ್ರೇ ಬಂದು ನಾಳೆ ಕೆಲ್ಸ ಕೊಡಿ, ಕೊಡಿ ಅಂತ ಕಾಲು ಹಿಡ್ಕೊಂಡ್ರು. ಅಮಾಸೆ ಕಣಪ್ಪಾ, ಪಾಪ ಬತ್ತದೆ, ಬ್ಯಾಡ ಅಂದೆ. ಕೇಳಾಕಿಲ್ಲ ಅಂತಾರೆ. ಈಗ ನಿನ್ನತ್ರ ಕೇಳಾಕೆ ಬಂದವ್ನೆ ನೋಡು."

ನನ್ನ ಮುಖಕ್ಕೆ ನೇರವಾಗಿ ನೋಡಿಕೊಂಡೇ ಹೇಳಿದ. ರೆಪ್ಪೆ ಕೂಡ ಬಡಿಯಲಿಲ್ಲ. ಮುದುಕಿಯ ಕೋಪವೆಲ್ಲ ನನ್ನ ಕಡೆ ತಿರುಗಿತು.

"ಏನೋ? ನಿಮ್ಮವ್ವ ಎಂಥ ಹೆಂಗಸು! ಅವಳ ಹೊಟ್ಟೇಲಿ ಹುಟ್ಟಿ ಅಮಾಸೆಲಿ ನೂಲು ಮುಟ್ಟಾಕೆ ಹೊಂಟಿದ್ದೀಯಾ? ನಾಚ್ಕೆ ಆಗಾಕಿಲ್ವಾ?"

ನಿಜ ಹೇಳಬಹುದಿತ್ತು. ಹೇಳಿದ್ದರೆ ಆ ಸಂಜೆ ನಾನು ಗೆಲ್ಲುತ್ತಿದ್ದೆ, ಬೆಳಗ್ಗೆ ಗೇಟಿನಲ್ಲಿ ಸೋಲುತ್ತಿದ್ದೆ. ಅವನ ಕಣ್ಣಲ್ಲಿ ಅದೇ ಲೆಕ್ಕ ಕಾಣುತ್ತಿತ್ತು.

"ತಪ್ಪಾಯ್ತು ದೊಡ್ಡವ್ವ," ಎಂದೆ. "ಮೇಸ್ತ್ರಿ ಅಣ್ಣ ಬ್ಯಾಡ ಅಂದ್ರು, ನಾವೇ ಕೇಳ್ಲಿಲ್ಲ. ನಾಳೆ ಬರಾಕಿಲ್ಲ. ನಾಡಿದ್ದು ಬತ್ತೀವಿ, ಅಲ್ವಾಣ್ಣಾ?"

ಅವ್ವನ ಮುಂದೆ ಇಲ್ಲವೆನ್ನುವುದು ಹೇಗೆ? "ಬನ್ನಿ, ಬನ್ನಿ," ಎಂದ. ನನ್ನ ಬಾಳೆಹಣ್ಣಿನಲ್ಲೇ ಒಂದನ್ನು ಸುಲಿದು ತಿಂದ.

ಅಮಾವಾಸ್ಯೆಯ ದಿನ ಅಕ್ಕ ಅಪ್ಪನಿಗೆ ಎಡೆಯಿಟ್ಟಳು. ನಾನು ಅನುಭವಿಸಿದ್ದನ್ನು ಹೇಳಿದಾಗ, ಬಡಿಸುತ್ತಿದ್ದ ಸೌಟು ಹಿಡಿದೇ ಅಷ್ಟೂ ಹೊತ್ತು ನಕ್ಕಳು. ಚಿಕ್ಕವ್ವ ಮಾತ್ರ, "ಬಾಳೆಹಣ್ಣು ಬೇರೆ ತಿಂದ್ನಾ?" ಎಂದು ಅದೊಂದನ್ನೇ ಮತ್ತೆ ಮತ್ತೆ ಕೇಳಿದಳು.

ಮಾರನೆಯ ದಿನ ಗೇಟಿನಲ್ಲಿ ಮೇಸ್ತ್ರಿ ತಲೆಯಾಡಿಸಿದ, ಒಳಗೆ ಹೋದೆವು. ಸೋಮನೂರಿನ ಆಳುಗಳ ಸುಳಿವೇ ಇರಲಿಲ್ಲ. ಅವರೂ ನೇಯುವವರೇ ತಾನೆ, ಅಮಾವಾಸ್ಯೆಯಲ್ಲಿ ಯಾರು ಬರುತ್ತಾರೆ? ಮಗ್ಗ ನಡೆಸುವವನೊಬ್ಬ ಹೇಳಿದ: ಹಾಸು ಮುಗಿದು ನಿಂತ ಮಗ್ಗಗಳಿಗೆ ಹೊಸ ಹಾಸು ಏರಿಸುವ ಮೊದಲು ಒಂದು ದಿನ ಎಣ್ಣೆ ಹಾಕಿ ಒರೆಸಿದರೆ ಬಟ್ಟೆಗೆ ಕಲೆ ಬೀಳುವುದಿಲ್ಲ ಎಂದು ಮೇಸ್ತ್ರಿ ತಾನಾಗಿ ಹೋಗಿ ಹೇಳಿದನಂತೆ. ಎಂಥ ಮುಂದಾಲೋಚನೆ ಎಂದು ಮ್ಯಾನೇಜರರು ಅವನ ಬೆನ್ನು ತಟ್ಟಿದರಂತೆ. ಇನ್ನುಮೇಲೆ ಪ್ರತಿ ಅಮಾವಾಸ್ಯೆ ಶೆಡ್ಡಿನಲ್ಲಿ ಒರೆಸುವ ದಿನವಂತೆ.

ಅಕ್ಕ ಗೀರುಬಟ್ಟೆಯ ಹಾಸಿನ ಮುಂದೆ ಕೂತು ಎಳೆ ಹಿಡಿದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಿಳಿ ಟೋಪಿ ಕಂಡಿತು. ಮೇಸ್ತ್ರಿ ದೂರದಲ್ಲಿ ಯಾರನ್ನೋ ಬೈಯುತ್ತಿದ್ದ, ನೋಡಿರಲಿಲ್ಲ. ಅಕ್ಕ ತಾನೇ ಕೂಗಿದಳು.

"ಮೇಸ್ತಿರಿ ಅಣ್ಣಾ, ಓಡ್ ಬನ್ನಿ! ಟೋಪಿ ಬತ್ತಾ ಐತೆ, ಬೂದಿ ಹಚ್ಕಳಿ!"

ಓಡಿಬಂದ. ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ, ದೇವರಿಗೆ ಹಿಡಿದಂತೆ, ಎತ್ತಿ ಹಿಡಿದಳು. ಅವನು ಬೆರಳು ಅದ್ದಿ ಕುಕ್ಕರಗಾಲಲ್ಲಿ ಕೂತ, ಹುಬ್ಬು ಗಂಟಿಕ್ಕಿದ. ಮ್ಯಾನೇಜರರು "ಗುಡ್, ಗುಡ್" ಎಂದು ಮುಂದೆ ಹೋದರು. ಆ ಗುತ್ತಿಗೆ ಇದ್ದಷ್ಟು ಕಾಲವೂ ನಾನು ಹೆಗಲ ಮೇಲೆ ಎರಡು ಟವಲು ಹಾಕಿಕೊಂಡು ಹೋಗುತ್ತಿದ್ದೆ, ಬೆವರಿಗೊಂದು, ಅವನ ಕೈಗೊಂದು.