ಏನೂ ತಕರಾರಿಲ್ಲ ಸಾ

ಮದುವೆಯಾದ ಎರಡನೇ ವರ್ಷವೇ ನನ್ನ ಗಂಡ ಜ್ವರದಲ್ಲಿ ಹೋಗಿಬಿಟ್ಟರು. ನಮ್ಮವರಲ್ಲಿ ಸುಡುವುದಿಲ್ಲ, ಲೊಕ್ಕನಹಳ್ಳಿ ದಾರಿಯ ನಮ್ಮ ಹೊಲದಲ್ಲೇ ಕೂರಿಸಿ ಮಣ್ಣು ಮಾಡಿದರು. ಮಕ್ಕಳಿರಲಿಲ್ಲ. ಕೊಳ್ಳೇಗಾಲದಿಂದ ಅಪ್ಪ ಬಂದು ಕರೆದರೂ ನಾನು ತವರಿಗೆ ಹೋಗಲಿಲ್ಲ. ಕೇಳಿದವರಿಗೆಲ್ಲ ರಾಗಿ, ಹುರುಳಿ, ದನಕರು ಎಂದು ನೆಪ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಸಂಜೆ ಆ ಮಣ್ಣಿನ ಗುಡ್ಡೆಯ ಪಕ್ಕ ಕೂತು ಅವರೊಡನೆ ಮಾತಾಡುವುದು ರೂಢಿಯಾಗಿಬಿಟ್ಟಿತ್ತು. ಮನೆಯಲ್ಲಿ ಯಾರೊಡನೆ ಆಡಲಿ? ಅತ್ತೆಗೆ ಕಿವಿ ಮಂದ, ಓರಗಿತ್ತಿಗೆ ನನ್ನ ಮುಖ ಕಂಡರಾಗದು. ಅವರೇ ವಾಸಿ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳುತ್ತಿದ್ದರು.

ಒಡೆಯರಪಾಳ್ಯಕ್ಕೆ ಟಿಬೆಟಿನವರು ಬಂದು ಜೋಳ ಬಿತ್ತತೊಡಗಿದ್ದ ಕಾಲ. ಆಗ ರಸ್ತೆಯ ಸುದ್ದಿ ಹುಟ್ಟಿತು. ಕೊಳ್ಳೇಗಾಲದಿಂದ ಹನೂರು, ಲೊಕ್ಕನಹಳ್ಳಿ ದಾಟಿ, ಕಾಡು ಹಾದು ತಮಿಳುನಾಡು ಮುಟ್ಟುವ ಭಾರಿ ಹೆದ್ದಾರಿಯಂತೆ. ಸರ್ವೆಯವರು ಬಂದು ಸರಪಳಿ ಎಳೆದರು, ಕೆಂಪು ಬಿಳಿ ಕೋಲು ನೆಟ್ಟರು. ಒಂದು ಗೂಟವನ್ನು ಸೀದಾ ನನ್ನವರ ಗುಡ್ಡೆಯ ಮೇಲೇ ಇಟ್ಟರು. ನನಗೆ ರೇಗಿಹೋಯಿತು.

“ಏನಯ್ಯಾ, ಕಣ್ಣು ಕಾಣ್ಸಲ್ವಾ? ಮನುಷ್ಯರವ್ರೆ ಅಲ್ಲಿ!”

ಸುತ್ತಿಗೆ ಎತ್ತಿದ್ದವನು ಬೆಚ್ಚಿ ಹಿಂದಕ್ಕೆ ಹಾರಿದ. ಜೊತೆಗಿದ್ದ ಓವರ್‌ಸಿಯರ್ ಸಮಾಧಾನ ಮಾಡಿದ. “ಇದಿನ್ನೂ ಬರೀ ನೋಡೋದು ಕಣಮ್ಮ. ರೋಡು ಎಲ್ಲಿ ಹೋದ್ರೆ ಯಾರಿಗೆ ಏನು ತೊಂದ್ರೆ ಅಂತ ದೊಡ್ಡ ಸಾಹೇಬ್ರು ಬಂದು ಕೇಳ್ತಾರೆ. ಆಗ ಹೇಳಿ.”

ಸಾಹೇಬರು ಬರುವ ಮುನ್ನಾ ದಿನ ಊರಲ್ಲಿ ತಮಟೆ ಹೊಡೆದು ಸಾರಿದರು, “ರೋಡಿನ ಬಗ್ಗೆ ತಕರಾರು ಇರೋರೆಲ್ಲ ಚಾವಡಿಗೆ ಬರಬೇಕು!” ಆ ಒಂದು ಮಾತು ಕೆಲಸ ಕೆಡಿಸಿತು. ಕಚೇರಿಯವರಿಗೆ ತಕರಾರು ಎಂದರೆ ಆಕ್ಷೇಪಣೆ. ನಮ್ಮೂರಿನವರಿಗೆ ತಕರಾರು ಎಂದರೆ ಜಗಳ, ಬದು ಒತ್ತಿ ಹೊಡೆದಾಡುವವರ ಪಾಡು. ತಕರಾರಿನ ಮನೆ ಎಂದು ಹೆಸರು ಬಿದ್ದರೆ ಆ ಮನೆಯ ಹುಡುಗಿಯನ್ನು ಯಾರೂ ಸೊಸೆ ಮಾಡಿಕೊಳ್ಳರು. ನನ್ನ ಗಂಡನ ಅಣ್ಣ, ಅಂದರೆ ಭಾವನವರು, ಆಗಷ್ಟೇ ಮಗಳಿಗೆ ಗಂಡು ನೋಡುತ್ತಿದ್ದರು.

“ಬಾವ, ಗುಡ್ಡೆ ವಿಚಾರ ಹೇಳ್ಬುಡಿ,” ಎಂದೆ.

“ಯೋಳ್ದೆ ಇರ್ತೀನಾ ಕಣವ್ವ? ನನ್ ಒಡುಟ್ದೋನಲ್ವಾ ಅವ್ನು?” ಎಂದರು.

ಚಾವಡಿಯ ಗೋಡೆಗೆ ಆತುಕೊಂಡು ನಾನೂ ನಿಂತೆ. ಸಾಹೇಬರು ಒಳ್ಳೆಯವರೇ. ಹುಣಸೆ ಮರಗಳು, ಬಾವಿಗಳು, ಕೆರೆಗೆ ನೀರು ಬರುವ ಹಳ್ಳ, ಕಾಡಿನ ಪ್ರಾಣಿ, ಎಲ್ಲವನ್ನೂ ವಿಚಾರಿಸಿದರು. ಕೊನೆಗೆ ಭಾವನವರ ಸರದಿ ಬಂತು. “ನಿಮ್ಮದೇನು ತಕರಾರು?”

ಭಾವನವರು ಕೈಮುಗಿದರು. “ಅಯ್ಯೋ, ನಮ್ಗ್ಯಾಕೆ ಸಾ! ನಮ್ಮಪ್ಪನ್ ಕಾಲ್ದಿಂದ್ಲೂವೆ ನಮ್ ಮನೇದು ಏನೂ ತಕರಾರಿಲ್ಲ ಸಾ. ಆದ್ರೆ ಅಲ್ಲಿ ನನ್ ತಮ್ಮ...” ಅಷ್ಟರಲ್ಲಿ ಸಾಹೇಬರು ಬರೆದುಕೊಂಡು ಮುಂದಿನವರನ್ನು ಕರೆದಾಗಿತ್ತು.

“ನಂಗೈತೆ ತಕರಾರು!” ಎಂದು ಕೂಗಿದೆ. ಇಡೀ ಚಾವಡಿ ತಿರುಗಿ ನೋಡಿತು. ಭಾವನವರ ಮುಖ ಸಪ್ಪಗಾಯಿತು.

“ಜಮೀನು ಯಾರ ಹೆಸರಲ್ಲಿದೆಯಮ್ಮ?” ಎಂದರು ಸಾಹೇಬರು. ಭಾವನವರ ಹೆಸರಲ್ಲಿತ್ತು. “ಯಜಮಾನರೇ ತಕರಾರಿಲ್ಲ ಅಂದ್ಮೇಲೆ ಆಯ್ತಲ್ಲಮ್ಮ,” ಎಂದರು. ಗದರಿದ್ದರೆ ಜಗಳವಾದರೂ ಆಡುತ್ತಿದ್ದೆ.

ಮನೆಗೆ ಬಂದ ಭಾವನವರು ಊಟ ಮುಟ್ಟಲಿಲ್ಲ. ಪಾಪ, ತಮಗೆ ತಿಳಿದ ದಾರಿಯಲ್ಲಿ ಸರಿಮಾಡಲು ಹೊರಟರು. ಪೂಜೆಗೆ ಅಯ್ನೋರನ್ನು ಕರೆಸಿದರು. ಗುಡ್ಡೆಯಿಂದ ಒಂದು ಹಿಡಿ ಮಣ್ಣೆತ್ತಿ, ವಿಭೂತಿ, ಪತ್ರೆ ಇಟ್ಟು, ಹಳ್ಳದಾಚೆಯ ಇನ್ನೊಂದು ಹೊಲದಲ್ಲಿ ಹೂತು ಕಲ್ಲು ನಿಲ್ಲಿಸಿದರು. “ನಿನ್ ಗಂಡ ಇಲ್ಲಿಗ್ ಬಂದವ್ನೆ ಕಣವ್ವ. ಅಲ್ಲೀಗ ಬರೀ ಮಣ್ಣು, ತುಳುದ್ರೂ ದೋಸ ಇಲ್ಲ,” ಎಂದರು ಅಯ್ನೋರು. ಅಂದು ಸಂಜೆ ಆ ಕಲ್ಲಿನ ಮುಂದೆ ಕೂತೆ. ಒಂದು ಮಾತೂ ಬಾಯಿಗೆ ಬರಲಿಲ್ಲ. ಮರುದಿನವೂ ಇಲ್ಲ. ಹಳೆಯ ಗುಡ್ಡೆಯ ಕಡೆಗೂ ಮತ್ತೆ ಕಾಲು ಹೋಗಲಿಲ್ಲ.

ರಸ್ತೆ ಬರಲೇ ಇಲ್ಲ. ಎಷ್ಟೋ ಕಾಲದ ಮೇಲೆ ಹನೂರಿನ ಬಸ್ ನಿಲ್ದಾಣದಲ್ಲಿ ಅದೇ ಓವರ್‌ಸಿಯರ್ ಸಿಕ್ಕಿದ. ಅದು ಆನೆ ಓಡಾಡುವ ಜಾಗ ಎಂದು ಅರಣ್ಯದವರು ಆಕ್ಷೇಪಿಸಿ, ಆ ಯೋಜನೆಯನ್ನೇ ಕೈಬಿಟ್ಟಿದ್ದರಂತೆ.

“ಆನೆ ತಕರಾರು ನಡೀತಾ ಹಂಗಾದ್ರೆ?” ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಆನೆಯ ಮೇಲೆ ನನಗೇನು ಸಿಟ್ಟು? ಅದಕ್ಕಾದರೂ ಹೇಳುವವರಿದ್ದರಲ್ಲ ಎಂದು ಹೊಟ್ಟೆ ಉರಿಯಿತು.

ಊರಲ್ಲಿ ಇಳಿದವಳು ಮನೆಗೆ ಹೋಗದೆ ಹೊಲಕ್ಕೇ ನಡೆದೆ. ಅಯ್ನೋರು ಬರೀ ಮಣ್ಣು ಎಂದಮೇಲೆ ಭಾವನವರು ಗುಡ್ಡೆಯನ್ನು ಎಂದೋ ಉತ್ತು ಮಟ್ಟ ಮಾಡಿ ರಾಗಿ ಬಿತ್ತಿದ್ದರು. ಪೈರು ಸೊಂಟದವರೆಗೆ ನಿಂತಿತ್ತು. ಅಲ್ಲಿರಬೇಕು, ಇಲ್ಲ, ಇಲ್ಲಿರಬೇಕು ಎಂದು ತಡಕಾಡಿದೆ. ಗುರುತೇ ಸಿಗಲಿಲ್ಲ. ಹಳ್ಳಕ್ಕಿಳಿದೆ. ಆಚೆ ಹೊಲದಲ್ಲಿ ಅಯ್ನೋರು ನಿಲ್ಲಿಸಿದ ಕಲ್ಲು ಕಾಣುತ್ತಿತ್ತು.

ಹಳ್ಳದ ಮರಳಲ್ಲಿ ನಿಂತು “ಏನ್ರೀ” ಎಂದು ಕೂಗಿದೆ. ಯಾವ ಕಡೆ ತಿರುಗಿ ಕೂಗಬೇಕೋ ತಿಳಿಯಲಿಲ್ಲ.